ಪ್ಲಗ್ಗಿನ ರಂಗಕ್ಕ

ನಮ್ಮೂರಿಗೆ ಮೊದಲ ಫ್ರಿಜ್ಜು ಬಂದದ್ದು ಟ್ರ್ಯಾಕ್ಟರಿನಲ್ಲಿ. ಟ್ರೇಲರಿಗೆ ತೆಂಗಿನ ಸಿಪ್ಪೆ ಹಾಸಿ, ಅದರ ಮೇಲೆ ಫ್ರಿಜ್ಜು ನಿಲ್ಲಿಸಿ, ಅದು ಬೀಳದ ಹಾಗೆ ನಮ್ಮ ಭಾವ ಸಣ್ಣತಿಮ್ಮಯ್ಯ ತಿಪಟೂರಿನಿಂದ ಊರಿನವರೆಗೂ ತಬ್ಬಿಕೊಂಡು ನಿಂತೇ ಬಂದಿದ್ದರು. ಶೆಟ್ಟಿಕೆರೆ ದಾಟಿದ ಮೇಲೆ ನಮ್ಮೂರ ದಾರಿ ಆಗಿನ್ನೂ ಗುಂಡಿಬಿದ್ದ ಮಣ್ಣುರಸ್ತೆ. ಮನೆ ಮುಂದೆ ಇಳಿದಾಗ ಭಾವನ ಬಿಳಿ ಅಂಗಿ ಕೆಂಪಾಗಿತ್ತು, ಫ್ರಿಜ್ಜಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ರಂಗಕ್ಕ ಅದಕ್ಕೆ ಆರತಿ ಎತ್ತಿ ಒಳಗೆ ಬಿಟ್ಟುಕೊಂಡಳು.

ರಂಗಕ್ಕ ನನ್ನ ವಾರಗಿತ್ತಿ. ಅವಳ ಗಂಡ ಸಣ್ಣತಿಮ್ಮಯ್ಯ ಮನೆಗೆ ಹಿರಿಯರು, ಕಿರಿಯ ಶ್ರೀರಂಗಯ್ಯ ನನ್ನ ಗಂಡ. ನಾನು ಸೊಸೆಯಾಗಿ ಬಂದ ವರ್ಷವೇ ಫ್ರಿಜ್ಜೂ ಬಂತು. "ಈ ವರ್ಷ ಮನೆಗೆ ಇಬ್ರು ಬಂದ್ರು ಕಣೇ ವನಿತಾ. ನೀನೊಬ್ಳು, ಅದೊಂದು," ಎಂದು ರಂಗಕ್ಕ ನಗುತ್ತಿದ್ದಳು. ಆ ಸಲ ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕಿತ್ತು. ಕತ್ತಿಗೊಂದು ಸರ ಮಾಡಿಸುತ್ತೇನೆ ಎಂದ ಭಾವನಿಗೆ, "ಸರ ಹಾಕ್ಕಂಡು ಯಾವ ದಿಬ್ಬಣಕ್ಕೆ ಹೋಗ್ಲಿ? ನಂಗೆ ಫ್ರಿಜ್ಜು ತಂದ್ಕೊಡಿ," ಎಂದಿದ್ದಳು. ತುರುವೇಕೆರೆಯಲ್ಲಿ ಅವಳ ಅಣ್ಣನ ಮನೆಯಲ್ಲಿ ನೋಡಿಬಂದ ಮೇಲೆ ಆ ಆಸೆ ಅವಳನ್ನು ಬಿಟ್ಟಿರಲಿಲ್ಲ.

ಆಸೆಪಟ್ಟು ತರಿಸಿದಳೇ ಹೊರತು ಅದರೊಳಗೆ ನಮ್ಮ ಸಾಮಾನು ಇರುತ್ತಿದ್ದದ್ದು ಕಡಿಮೆ. ಪಕ್ಕದ ಮನೆಯ ದೋಸೆ ಹಿಟ್ಟು, ಹಸು ಈದವರ ಮನೆಯ ಗಿಣ್ಣು ಹಾಲು, ಮದುವೆ ಮನೆಯವರ ಮಲ್ಲಿಗೆ ದಂಡೆ, ಯಾರದೋ ಬೆಣ್ಣೆ. ಬೇಸಿಗೆಯಲ್ಲಿ ಬೀದಿಯ ಮಕ್ಕಳೆಲ್ಲ ಒಂದೊಂದು ಲೋಟ ನೀರು ತಂದು ಐಸಾಗಲಿಕ್ಕೆ ಇಟ್ಟು, ತಮ್ಮ ಲೋಟ ಯಾವುದೆಂದು ಜಗಳವಾಡುತ್ತಿದ್ದರು. ಫ್ರಿಜ್ಜಿನ ಬಾಗಿಲಿನ ಮೇಲಿನ ಖಾನೆ ಎದುರುಮನೆಯ ವೆಂಕಟಯ್ಯನವರಿಗೆ ಮೀಸಲು. ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಬಾಟಲಿಯನ್ನು ಅದುವರೆಗೆ ಒದ್ದೆ ಮರಳಿನ ಮಡಕೆಯಲ್ಲಿ ಇಟ್ಟುಕೊಂಡು ಒದ್ದಾಡುತ್ತಿದ್ದರು. ಬೆಳಿಗ್ಗೆ ಟವಲು ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತು ಕೂಗುತ್ತಿದ್ದರು:

"ರಂಗವ್ವಾ, ನನ್ನ ಔಷ್ದಿ ಎದ್ದೈತಾ?"

"ಎದ್ದೈತೆ, ಮುಖ ತೊಳ್ಕಂತೈತೆ. ಕರ್ಕಂಡ್ ಬತ್ತೀನಿ ಇರಿ," ಎಂದು ರಂಗಕ್ಕ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ವರ್ಷಗಟ್ಟಲೆ ದಿನವೂ ಇದೇ ಮಾತು. ಇಬ್ಬರಿಗೂ ಬೇಸರ ಬರಲಿಲ್ಲ, ಕೇಳುವ ನಮಗೂ ಬರಲಿಲ್ಲ.

ಆ ಮನೆಯನ್ನು ನೆನೆದರೆ ನನಗೆ ಈಗಲೂ ಮೊದಲು ಬರುವುದು ಅದರ ವಾಸನೆ. ನಮ್ಮ ಕಡೆ ಕೊಬ್ಬರಿ ಮಾಡುವವರ ಮನೆಗಳಲ್ಲಿ ಜನ ಕೆಳಗಿದ್ದರೆ ಕಾಯಿ ಮೇಲಿರುತ್ತದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಡುತ್ತದೆ. ಆಗ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಭಾವ ಅಟ್ಟ ಹತ್ತಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರೆ ಕೆಳಗೆ ಅಡುಗೆ ಮಾಡುತ್ತಿದ್ದ ನಮಗೆ ಆ ಸದ್ದಿನಿಂದಲೇ ಈ ಸಲ ಕೊಬ್ಬರಿ ಹೇಗಾಗಿದೆಯೆಂದು ತಿಳಿಯುತ್ತಿತ್ತು. ಒಣ ಸಿಪ್ಪೆ, ಎಣ್ಣೆ, ಹೆಂಚಿನ ಬಿಸಿ ಎಲ್ಲ ಸೇರಿದ ಆ ವಾಸನೆ ನಮ್ಮ ಸೀರೆಗಳಿಗೂ ಅಂಟಿರುತ್ತಿತ್ತು. ಅಟ್ಟಕ್ಕೆ ಹಾಸಿದ ಬಿದಿರು ದಬ್ಬೆಗಳ ಸಂದಿನಿಂದ ನಾರಿನ ಕಂದು ಪುಡಿ ಯಾವಾಗಲೂ ಉದುರುತ್ತಿತ್ತು. ನಾನು ಗೊಣಗಿದರೆ ನಮ್ಮತ್ತೆ ಕಾಳಕ್ಕ, "ಅಟ್ಟ ತುಂಬೈತೆ ಅಂತ ತಾನೇ ಉದುರ್ತಿರೋದು? ಗುಡ್ಸು, ಕೈಯೇನ್ ಸವೆಯಕಿಲ್ಲ," ಎನ್ನುತ್ತಿದ್ದರು.

ಗುಡಿಸುವುದನ್ನು ಗುಡಿಸುತ್ತಿದ್ದೆವು. ಆದರೆ ಫ್ರಿಜ್ಜಿನ ಹಿಂದಕ್ಕೆ ಪೊರಕೆ ಹೋಗುತ್ತಿರಲಿಲ್ಲ. ಅದನ್ನು ನಡುಮನೆಯ ಮೂಲೆಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಆ ಗೋಡೆಯ ಆಚೆ ಬಚ್ಚಲು. ಮಳೆಗಾಲದಲ್ಲಿ ಗೋಡೆಗೆ ಕೈಯಿಟ್ಟರೆ ತಣ್ಣಗೆ ಒದ್ದೆ. ಬಂದ ದಿನ ಚುಚ್ಚಿದ ಪ್ಲಗ್ಗನ್ನು ಆಮೇಲೆ ಯಾರೂ ಕಿತ್ತಿರಲಿಲ್ಲ. ಅದನ್ನು ಪದೇಪದೇ ಆರಿಸಬಾರದೆಂದು ಅಂಗಡಿಯವರು ಹೇಳಿದ್ದರು, ಅಷ್ಟು ಸಾಕಾಯಿತು. ಫ್ರಿಜ್ಜಿನ ಬಾಗಿಲು ಒರೆಸಿ ಒರೆಸಿ ಹೊಳಪು ಬರಿಸಿದ್ದೆವು. ಪ್ಲಗ್ಗು ಎನ್ನುವ ವಸ್ತು ಒಂದಿದೆಯೆನ್ನುವುದೇ ನಮಗೆ ಮರೆತುಹೋಗಿತ್ತು.

ಬೆಂಕಿ ಬಿದ್ದದ್ದು ಒಂದು ಶ್ರಾವಣದಲ್ಲಿ. ರಂಗಕ್ಕನ ಮಗಳು ಸುಷ್ಮಿತಾ ಆಗ ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ವಾರದಿಂದ ಸೋನೆ ಮಳೆ ಹಿಡಿದಿತ್ತು, ಬಟ್ಟೆ ಒಣಗುತ್ತಿರಲಿಲ್ಲ. ಎರಡು ಮೂರು ದಿನದಿಂದ ನಡುಮನೆಯಲ್ಲಿ ಮೀನು ಹೊತ್ತಿದ ಹಾಗೊಂದು ವಾಸನೆ ಆಗಾಗ ಸುಳಿದು ಹೋಗುತ್ತಿತ್ತು. ಬೆಕ್ಕು ಏನೋ ತಂದು ಅಟ್ಟದಲ್ಲಿ ಹಾಕಿದೆಯೆಂದು ರಂಗಕ್ಕ ಏಣಿ ಹತ್ತಿ ಹುಡುಕಿದಳು. ಏನೂ ಸಿಗಲಿಲ್ಲ.

ಅವತ್ತು ಊಟವಾಗಿ ಗಂಡಸರು ತೋಟಕ್ಕೆ ಹೋಗಿದ್ದರು. ರಂಗಕ್ಕ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಹಸುಗಳಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದಳು. ನಾನು ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದೆ. ಒಳಗೆ ಚಟಚಟ ಎಂದು ಸದ್ದಾಯಿತು. ಎದ್ದು ಹೋಗಿ ನೋಡಿದರೆ ಫ್ರಿಜ್ಜಿನ ಹಿಂದಿನಿಂದ ನೀಲಿ ಕಿಡಿ ಹಾರುತ್ತಿದೆ, ವೈರಿನುದ್ದಕ್ಕೂ ಹಳದಿ ಉರಿ ಹತ್ತುತ್ತಿದೆ. ನಾನು ಕಿರುಚಿದೆ. ಗೋಡೆಯ ಜೇಡರ ಬಲೆ, ಧೂಳು ಹಿಡಿದುಕೊಂಡು ಉರಿ ಅಟ್ಟದ ದಬ್ಬೆ ಮುಟ್ಟಿದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ.

ನನ್ನ ಕೂಗಿಗೆ ತೋಟದಿಂದ ಓಡಿಬಂದ ನನ್ನ ಗಂಡ ಕೊಡ ಎತ್ತಿಕೊಂಡು ಒಳಗೆ ನುಗ್ಗಿದರು. ಪಕ್ಕದ ಮನೆಯ ಹಾಲಸ್ವಾಮಿ ಅವರ ತೋಳು ಹಿಡಿದು ಎಳೆದ.

"ಕರೆಂಟೈತೆ ಕಣ್ಲಾ! ನೀರು ಎರಚ್‌ಬ್ಯಾಡ, ಸತ್ತೋಯ್ತೀಯ!"

ಅವನೇ ಜಗಲಿಯ ಮೇನ್ ಸ್ವಿಚ್ಚು ಎಳೆದ. ಆಮೇಲೆ ಇಡೀ ಊರು ಕೊಡ ಹಿಡಿದು ನಿಂತಿತು. ಹಿಂದೆಯೇ ಓಡಿಬಂದ ಭಾವ ಪೂರ್ವದ ಕೋಣೆಯಲ್ಲಿ ಮಲಗಿದ್ದ ನಮ್ಮತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ತಂದು ವೆಂಕಟಯ್ಯನವರ ಜಗಲಿಯಲ್ಲಿ ಕೂರಿಸಿದರು. ರಂಗಕ್ಕ ಹಸುಗಳ ಹಗ್ಗ ಕೊಯ್ದು ಬಿಟ್ಟಳು. ಆದರೆ ಅಟ್ಟದ ತುಂಬ ವರ್ಷವೆಲ್ಲ ಒಣಗಿದ ಕಾಯಿ, ಅದರೊಳಗೆ ಎಣ್ಣೆ. ಕೊಡದ ನೀರಿಗೆ ಅದು ಕೇಳುತ್ತದೆಯೇ? ಉರಿಯುವ ಕಾಯಿಗಳು ದಬದಬನೆ ನಡುಮನೆಗೆ ಬೀಳುತ್ತಿದ್ದವು. ಹೆಂಚು ಸಿಡಿಯುತ್ತಿದ್ದವು. ಬೆಂಕಿ ಆರಿಸುವ ಗಾಡಿ ಆ ಕೆಸರು ದಾರಿಯಲ್ಲಿ ಬರುವ ಹೊತ್ತಿಗೆ ನಡುಮನೆಯ ಮಾಡು ಕುಸಿದಿತ್ತು. ಉಳಿದದ್ದು ಹಿಂದಿನ ಅಡುಗೆಕೋಣೆ, ಪೂರ್ವದ ಒಂದು ಕೋಣೆ, ಕೊಟ್ಟಿಗೆ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಅದನ್ನು ಎಲ್ಲರೂ ಹೇಳಿದರು, ನಾವೂ ಹೇಳಿಕೊಂಡೆವು.

ಸಂಜೆ ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಗ ನಮ್ಮತ್ತೆ ಕಾಳಕ್ಕ ಯಾರ ಮುಖವನ್ನೂ ನೋಡದೆ ಅಂದರು:

"ಒಲೆ ಆರಿಸ್ದೆ ಹಿತ್ಲಿಗೆ ಹೋಗವ್ಳೆ. ನನ್ ಗಂಡ ಕಟ್ಟಿದ್ ಮನೆ."

"ಇಲ್ಲ ಅತ್ತೆ, ಫ್ರಿಜ್ಜಿನ ಹಿಂದೆ ಕಿಡಿ ಹಾರಿದ್ದು ನಾನು ಕಂಡೆ," ಎಂದೆ.

"ಉರಿ ಮುಟ್ಟಿದ್ ಮ್ಯಾಲೆ ಕಿಡಿ ಎಲ್ಲಾ ಕಡೆ ಹಾರ್ತದೆ ಬುಡು," ಎಂದು ಮುಖ ತಿರುಗಿಸಿದರು.

ರಂಗಕ್ಕ ಗಂಡನ ಕಡೆ ನೋಡಿದಳು. ಭಾವ ಏನೂ ಹೇಳಲಿಲ್ಲ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಟ್ಟ ತೊಲೆಯ ಕಡೆಗೇ ನೋಡುತ್ತ ಕೂತಿದ್ದರು. ಅತ್ತೆಯ ಮಾತಿಗಿಂತ ಆ ಸುಮ್ಮನಿರುವಿಕೆ ಅವಳನ್ನು ತಿಂದುಹಾಕಿತು. ಊರಿನಲ್ಲೂ ಅದೇ ಮಾತು ನಿಂತುಬಿಟ್ಟಿತು, ರಂಗಕ್ಕ ಕೆಂಡ ಬಿಟ್ಟು ಹೋಗಿದ್ದಳಂತೆ ಎಂದು. ಕೆಲವರು ಕನಿಕರದಿಂದಲೇ ಹೇಳಿದರು. ಕನಿಕರ ಇನ್ನೂ ಕಷ್ಟ.

ಕೆಲವು ದಿನ ಕಳೆಯುವಷ್ಟರಲ್ಲಿ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. "ನಾನು ಬೂದಿ ಮುಚ್ಚಿದ್ನಾ ಇಲ್ವಾ ವನಿತಾ? ನಂಗೇ ಗೊತ್ತಾಯ್ತಿಲ್ಲ ಕಣೇ. ನನ್ ಕೈ ಬೂದಿ ಎಳೆದಂಗೆ ಕಣ್ಣಿಗೆ ಕಾಣ್ತದೆ. ಆದ್ರೆ ಅದು ಅವತ್ತಿಂದೋ, ಹಿಂದಿನ ದಿನದ್ದೋ?" ಎಂದು ಹಿತ್ತಲಿನಲ್ಲಿ ನಿಂತು ನನ್ನನ್ನು ಕೇಳಿದಳು. ಅವಳು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಅಡುಗೆ ನನ್ನ ಪಾಲಿಗೆ ಬಂತು. ತರಕಾರಿ ಹೆಚ್ಚಿಕೊಡುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಬೆಂಕಿ ಹಚ್ಚುತ್ತಿರಲಿಲ್ಲ. ವೆಂಕಟಯ್ಯನವರು ಎದುರು ಜಗಲಿಯಿಂದ ಏನಾದರೂ ತಮಾಷೆ ಮಾಡಿದರೆ ತಲೆಯ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

ಉಳಿದ ಕೋಣೆಗೆ ಮತ್ತೆ ಕರೆಂಟು ಕೊಡಿಸಲು ಭಾವ ಕಿಬ್ಬನಹಳ್ಳಿಯಿಂದ ನಾಗಭೂಷಣ ಎನ್ನುವ ವೈರಿಂಗ್ ಕೆಲಸದವನನ್ನು ಕರೆಸಿದರು. ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಬಂದವನು ಮೊದಲು ಸುಟ್ಟ ನಡುಮನೆಯೊಳಗೆ ಹೋಗಿ ಗೋಡೆಗಳನ್ನು ನೋಡಿದ. ಆಮೇಲೆ ಅಡುಗೆಕೋಣೆಗೆ ಬಂದು ಒಲೆಯ ಪಕ್ಕ ಬಗ್ಗಿ ನೋಡಿದ.

"ಯಜಮಾನ್ರೇ, ಬೆಂಕಿ ಎಲ್ಲಿಂದ ಅಂದ್ರಿ?"

"ಒಲೆಯಿಂದ ಅಂತಾರೆ," ಎಂದರು ಭಾವ.

"ಒಲೆ ಪಕ್ಕದ ಸೌದೆ ಹಂಗೇ ಐತಲ್ಲ ಸ್ವಾಮಿ. ಗರಿ, ಸಿಪ್ಪೆ, ಎಲ್ಲಾ ಐತೆ. ಒಲೆಯಿಂದ ಹತ್ತಿದ್ರೆ ಮೊದ್ಲು ಉರೀಬೇಕಾದ್ದು ಇದೇ ಅಲ್ವಾ?"

ಆ ಸೌದೆಯಲ್ಲೇ ನಾನು ಇಷ್ಟು ದಿನ ಅಡುಗೆ ಮಾಡಿದ್ದೆ. ಭಾವ ದಿನಾ ಅಲ್ಲೇ ಕೂತು ಉಂಡಿದ್ದರು. ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ನಾಗಭೂಷಣ ಬೂದಿ ಕೆದಕಿ ಫ್ರಿಜ್ಜಿನ ಪ್ಲಗ್ಗಿನ ಹಿತ್ತಾಳೆ ಪಿನ್ನುಗಳನ್ನು ಹುಡುಕಿ ತೆಗೆದ. ಎರಡು ಪಿನ್ನುಗಳ ಎದುರುಬದುರು ಮೈ ಕರಗಿ, ಇಲಿ ಕಡಿದ ಹಾಗೆ ತಗ್ಗುಬಿದ್ದಿತ್ತು. ಪೂರ್ವದ ಕೋಣೆಗೆ ಹೋಗಿ, ಸ್ವಿಚ್ಚು ಆರಿಸಿರುವುದನ್ನು ನೋಡಿಕೊಂಡು, ಅಲ್ಲಿದ್ದ ಟೀವಿಯ ಪ್ಲಗ್ಗನ್ನು ಕಿತ್ತು ತಂದ. ಅದೂ ಬಂದಾಗಿನಿಂದ ಗೋಡೆಯಲ್ಲೇ ಇದ್ದದ್ದು. ಪಿನ್ನುಗಳ ಬುಡದಲ್ಲಿ ನಾರಿನ ಪುಡಿ ಮೆತ್ತಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದಾಗ ಅಡಿಯಲ್ಲಿ, ಒಂದು ಪಿನ್ನಿನಿಂದ ಇನ್ನೊಂದರ ಕಡೆಗೆ, ಕೂದಲೆಳೆಯಷ್ಟು ಕಂದುಗೆರೆ ಕಂಡಿತು.

"ಇಲ್ಲೇ ಶುರುವಾಗೋದು," ಎಂದ. "ಪ್ಲಗ್ಗು ಸ್ವಲ್ಪ ಸಡ್ಲ ಇದ್ರೆ ಸಂದೀಲಿ ಧೂಳು ಕೂರ್ತದೆ. ಮಳೆಗಾಲ್ದಲ್ಲಿ ಆ ಧೂಳು ತೇವ ಕುಡೀತದೆ. ಆಗ ಕರೆಂಟು ಈ ಪಿನ್ನಿಂದ ಆ ಪಿನ್ನಿಗೆ ಧೂಳಿನ ಮ್ಯಾಲೇ ಹರಿಯಕ್ ನೋಡ್ತದೆ. ಒಂದೊಂದೇ ಚೂರು ಪ್ಲಾಸ್ಟಿಕ್ಕು ಸುಟ್ಟು ಕರಿ ಆಯ್ತದೆ. ಆ ಕರಿ ಮ್ಯಾಲೆ ಇನ್ನೂ ಸಲೀಸಾಗಿ ಹರೀತದೆ. ಹಿಂಗೇ ದಿನಾ ಒಂಚೂರು. ಒಂದಿನ ಪೂರ್ತಿ ದಾರಿ ಆಗೋದ್ರೆ ಹತ್ಕಂತು."

"ಫ್ಯೂಸು ಹೋಗ್ಬೇಕಿತ್ತಲ್ಲ?" ಎಂದರು ನನ್ನ ಗಂಡ.

"ಹರಿಯೋ ಕರೆಂಟು ಕಮ್ಮಿ ಇರೋವರ್ಗೆ ಫ್ಯೂಸಿಗೆ ಗೊತ್ತಾಗಲ್ಲಣ್ಣ. ಮೀನು ಸುಟ್ಟಂಗೆ ವಾಸ್ನೆ ಏನಾದ್ರೂ ಬಂದಿತ್ತಾ?"

ನಾನೂ ರಂಗಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. "ಬೆಕ್ಕು ಅಂದ್ಕಂಡಿದ್ವಿ," ಎಂದಳು, ಅಷ್ಟೇ.

ಭಾವ ಆ ಹಿತ್ತಾಳೆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು.

"ರಂಗಿ, ಒಲೆ ಹಚ್ಚು. ಇವ್ರಿಗೂ ನಂಗೂ ಒಂದೀಟು ಕಾಫಿ ಮಾಡು."

ಬೇರೆ ಏನೂ ಹೇಳಲು ಆ ಮನುಷ್ಯನಿಗೆ ಬರುತ್ತಿರಲಿಲ್ಲ. ರಂಗಕ್ಕ ಎದ್ದು ಹೋಗಿ ಒಲೆ ಹಚ್ಚಿದಳು. ಕಾಫಿಗೆ ಸಕ್ಕರೆ ಹಾಕಲು ಮರೆತಿದ್ದಳು. ಭಾವ ಹಾಗೆಯೇ ಕುಡಿದು ಲೋಟ ಕೆಳಗಿಟ್ಟರು. ನಮ್ಮತ್ತೆ ಮರುದಿನ ಬೆಳಿಗ್ಗೆ ಸೊಸೆಯನ್ನು ಕರೆದು ತನ್ನ ಮುಂದೆ ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ ಹೆರಳು ಹಾಕಿದರು.

ನಾಗಭೂಷಣ ಕೆಲಸ ಮುಗಿಸಿ ಹೊರಡುವಾಗ ರಂಗಕ್ಕ ಅವನ ಹಿಂದೆಯೇ ಹೋಗಿ ದಾರಿಯಲ್ಲಿ ನಿಲ್ಲಿಸಿ ಕೇಳಿದಳು: "ಇನ್ನೊಂದ್ಸಲ ಆಗ್ದಂಗೆ ಏನ್ ಮಾಡ್ಬೇಕಪ್ಪ?"

"ದೊಡ್ಡ ಕೆಲಸ ಏನಿಲ್ಲಕ್ಕ. ಮೊದ್ಲು ಸ್ವಿಚ್ಚು ಆರಿಸಿ. ಒಣಗಿದ ಕೈಯಲ್ಲಿ ಪ್ಲಗ್ಗಿನ ಮೈ ಹಿಡ್ದು ಕೀಳಿ, ವೈರು ಹಿಡ್ದು ಎಳೀಬ್ಯಾಡಿ. ಒಣ ಬಟ್ಟೇಲಿ ಒರೆಸಿ, ನೀರು ಸೋಕಿಸ್ಬ್ಯಾಡಿ. ಕಂದು ಕಲೆ ಕಂಡ್ರೆ, ಮುಟ್ಟಿದ್ರೆ ಬಿಸಿ ಇದ್ರೆ, ಅದನ್ನ ಬಿಸಾಕಿ ಹೊಸ್ದು ಹಾಕ್ಸಿ. ಸಾಕೆಟ್ಟಿಗೂ ಕಲೆ ಹತ್ತಿದ್ರೆ ಅದೂ ಹೋಗ್ಲಿ. ತಿರ್ಗಾ ಚುಚ್ಚುವಾಗ ಬಿಗಿಯಾಗಿ ಪೂರ್ತಿ ಕೂರಿಸಿ. ಒದ್ದೆ ಗೋಡೇಲಿ ಸಾಕೆಟ್ಟೇ ಬ್ಯಾಡ."

ಅವಳು ಪ್ರತಿ ಮಾತಿಗೂ ತಲೆಯಾಡಿಸಿದಳು. ಮನೆಗೆ ಬಂದು ನನಗೆ ಒಪ್ಪಿಸಿದಳು, ಒಂದೂ ತಪ್ಪದ ಹಾಗೆ.

ಮನೆ ಮತ್ತೆ ಎದ್ದಿತು. ನೆಂಟರು, ಊರವರು ಕೈಹಿಡಿದರು. ಒಬ್ಬರು ತೊಲೆ ಕೊಟ್ಟರು, ಇನ್ನೊಬ್ಬರು ಹೆಂಚು ಕೊಟ್ಟರು. ಹಾಲಸ್ವಾಮಿ ಕೂಲಿ ಮುಟ್ಟದೆ ದುಡಿದ. ಹೊಸ ಅಟ್ಟ ಮನೆಯ ಮೇಲೆ ಬೇಡವೆಂದು ಭಾವ ತೋಟದ ಅಂಚಿನಲ್ಲಿ ಬೇರೆಯಾಗಿ ಕಟ್ಟಿಸಿದರು. ಅಲ್ಲಿಗೆ ಒಂದು ವೈರನ್ನೂ ಎಳೆಸಲಿಲ್ಲ.

ರಂಗಕ್ಕನ ಓಡಾಟ ಶುರುವಾದದ್ದು ಎದುರುಮನೆಯಿಂದ. ವೆಂಕಟಯ್ಯನವರ ಟೀವಿಯ ಪ್ಲಗ್ಗು, ಹಾಲಸ್ವಾಮಿಯ ಮನೆಯ ಮಿಕ್ಸಿಯದು, ಆಮೇಲೆ ಬೀದಿಯ ಎಲ್ಲರದ್ದು. ಸೊಂಟದಲ್ಲಿ ಒಂದು ಒಣ ಹತ್ತಿಬಟ್ಟೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಮೊದಲು ಕಣ್ಣು ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಊರಿನವರು ಪ್ಲಗ್ಗಿನ ರಂಗಕ್ಕ ಎಂದು ಹೆಸರಿಟ್ಟರು. ನಗುವವರು ನಕ್ಕರು. ಒಬ್ಬಾಕೆ ಮಾತ್ರ ಬಾಗಿಲಲ್ಲೇ ತಡೆದು, "ನಿಮ್ಮನೆ ಸುಟ್ಟೋಯ್ತು ಅಂತ ನಮ್ಮನೆ ಗ್ವಾಡೆ ತಡಕಕ್ ಬಂದ್ಯಾ? ಅಪಶಕುನ ಆಡ್ಬ್ಯಾಡ, ಹೋಗು," ಎಂದಳು. ರಂಗಕ್ಕ ಮನೆಗೆ ಬಂದು ಆ ಬಟ್ಟೆಯನ್ನು ಗೂಟಕ್ಕೆ ನೇತುಹಾಕಿದಳು. ಕೆಲವು ತಿಂಗಳು ಅದನ್ನು ಮುಟ್ಟಲಿಲ್ಲ.

ಹೀಗಿರುವಾಗ ಸುಷ್ಮಿತಾಗೆ ನೊಣವಿನಕೆರೆಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಚಿತ್ತೇಶ್, ತೋಟದ ಜೊತೆಗೆ ಕಾಯಿ ಸುಲಿಸುವ ವ್ಯವಹಾರ. ಹುಡುಗ ಹುಡುಗಿ ಒಪ್ಪಿದ್ದರು. ಮನೆ ನೋಡುವ ಶಾಸ್ತ್ರಕ್ಕೆ ನಾವು ಆರೇಳು ಜನ ಹೋದೆವು. ಗಟ್ಟಿಮುಟ್ಟಾದ ಹಳೆಯ ಮನೆ. ಕೆಳಗೆ ಜನ, ಮೇಲೆ ಅಟ್ಟದ ತುಂಬ ಕಾಯಿ, ನಮ್ಮ ಹಿಂದಿನ ಮನೆಯ ಹಾಗೆಯೇ. ಒಳಗೆ ಕಾಲಿಡುತ್ತಿದ್ದ ಹಾಗೆ ಆ ವಾಸನೆಗೆ ನನ್ನ ಎದೆ ತುಂಬಿಬಂತು. ಸೀರೆಗೆ ಅಂಟುತ್ತಿದ್ದ ಅದೇ ವಾಸನೆ.

ಕೇಸರಿಬಾತು, ಬೋಂಡ ಆಯಿತು. ಹುಡುಗನ ತಾಯಿ ನಮ್ಮಿಬ್ಬರಿಗೆ ಮನೆ ತೋರಿಸಲು ಹೊರಟರು. ಬಚ್ಚಲಿನ ಬಾಗಿಲ ಹತ್ತಿರ ಬಟ್ಟೆ ಒಗೆಯುವ ಮಿಷನ್ನು ಇತ್ತು. ಅಲ್ಲಿಗೆ ಬಂದು ರಂಗಕ್ಕ ನಿಂತುಬಿಟ್ಟಳು. ಮೂಗು ಅರಳಿಸಿದಳು.

"ಅಮ್ಮಾ, ತಪ್ಪು ತಿಳೀಬ್ಯಾಡಿ. ಈ ಮಿಷನ್ನಿನ ಸ್ವಿಚ್ಚು ಒಂಚೂರು ಆರಿಸ್ತೀರಾ? ಅದ್ರ ಪ್ಲಗ್ಗು ನೋಡ್ಬೇಕಿತ್ತು."

ಬೀಗಿತ್ತಿಯಾಗಬೇಕಾದ ಹೆಂಗಸಿನ ಮುಖ ಕೆಂಪಾಯಿತು. "ಮನೆ ನೋಡಕ್ ಬಂದ್ರೋ, ನಮ್ಮನೆ ಕಸ ನೋಡಕ್ ಬಂದ್ರೋ?"

ಮಾತು ನಡುಮನೆಗೂ ಕೇಳಿಸಿತು. ಎಲ್ಲರೂ ತಟ್ಟೆ ಹಿಡಿದುಕೊಂಡೇ ನಮ್ಮ ಕಡೆ ತಿರುಗಿದರು. ನಾನು ರಂಗಕ್ಕನ ಸೆರಗು ಜಗ್ಗಿದೆ. ಸಂಬಂಧ ಮುರಿದುಹೋಗುವ ಭಯ ನನಗೆ. ಅವಳೂ ತಲೆ ತಗ್ಗಿಸಿದಳು. ಇನ್ನೇನು ಹಿಂದಕ್ಕೆ ತಿರುಗಬೇಕು, ಅಷ್ಟರಲ್ಲಿ ಭಾವ ಎದ್ದು ಬಂದರು. ಹತ್ತು ಜನರ ಮುಂದೆ ಬಾಯಿ ಬಿಡದ ಮನುಷ್ಯ.

"ತಾಯಿ, ನಮ್ಮನೆ ಸುಟ್ಟಿದ್ದು ನಿಮ್ಗೂ ಗೊತ್ತಲ್ಲ. ಊರೆಲ್ಲ ಇವಳ್ದೇ ತಪ್ಪು ಅಂತು. ಇವಳ ತಪ್ಪಲ್ಲ ಅಂತ ನಾನು ಅವತ್ತು ಹೇಳ್ಬೇಕಿತ್ತು, ಹೇಳ್ಲಿಲ್ಲ. ಇವತ್ತು ಹೇಳ್ತಿದೀನಿ. ಇವಳು ಸುಮ್ಸುಮ್ನೆ ಹೇಳೋಳಲ್ಲ ಕಣ್ರೀ. ಒಂದ್ಸಲ ನೋಡ್ಬುಡಿ. ಏನೂ ಇಲ್ದಿದ್ರೆ ನಿಮ್ ಕಾಲಿಗೆ ಬೀಳ್ತೀನಿ."

ರಂಗಕ್ಕ ಗಂಡನನ್ನು ನೋಡಿದ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗೆ ಆ ಕ್ಷಣ ಪ್ಲಗ್ಗು, ಬೀಗರು, ಮದುವೆ ಯಾವುದರ ನೆನಪೂ ಇದ್ದಂತೆ ಕಾಣಲಿಲ್ಲ.

ಚಿತ್ತೇಶ್ ತಾನೇ ಎದ್ದು ಬಂದು, "ಅವ್ವ, ಇರು, ನೋಡಾನ," ಎಂದು ಸ್ವಿಚ್ಚು ಆರಿಸಿದ. ಪ್ಲಗ್ಗು ಸುಲಭಕ್ಕೆ ಬರಲಿಲ್ಲ. ಹಿಡಿದು ಎಳೆದಾಗ ಅರ್ಧ ಅವನ ಕೈಯಲ್ಲೇ ಪುಡಿಯಾಯಿತು. ಉಳಿದರ್ಧದ ಮೇಲೆ ಪಿನ್ನಿನಿಂದ ಪಿನ್ನಿಗೆ ಕಪ್ಪು ಗೆರೆ ಹಾದುಹೋಗಿತ್ತು. ಸಾಕೆಟ್ಟಿನ ಬಾಯಿ ಕಂದಿತ್ತು. ಮೀನು ಹೊತ್ತಿದ ವಾಸನೆ ಈಗ ಎಲ್ಲರ ಮೂಗಿಗೂ ಬಡಿಯಿತು. ಅವನು ಅದನ್ನು ತಾಯಿಯ ಮುಂದೆ ಹಿಡಿದು, ಒಮ್ಮೆ ತಲೆಯೆತ್ತಿ ಅಟ್ಟದ ಕಡೆ ನೋಡಿದ. ಎಲ್ಲರೂ ನೋಡಿದರು.

ಆ ತಾಯಿ ಅಲ್ಲೇ ಗೋಡೆಗೆ ಒರಗಿದರು. "ಇಲಿ ಸತ್ತೈತೆ ಅಂದ್ಕಂಡು ವಾರದಿಂದ ಮನೆಯೆಲ್ಲ ಹುಡುಕ್ತಿದೀನಿ ಕಣಮ್ಮ," ಎಂದು ರಂಗಕ್ಕನ ಕೈ ಹಿಡಿದುಕೊಂಡರು. "ನಿಮ್ ಮಗಳನ್ನ ಕೊಡೋಕೆ ಮುಂಚೆ ನಮ್ ಮನೆ ಉಳಿಸ್‌ಕೊಟ್ರಿ."

"ಅಯ್ಯೋ, ನನ್ ಮಗಳು ಇರ್ಬೇಕಾದ್ ಮನೆ ಅಲ್ವಾ?" ಎಂದಳು ರಂಗಕ್ಕ. ಆಮೇಲೆ ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಕಾಫಿ ಇನ್ನೊಂದು ಸಲ ಬಂತು. ಆ ಸಂಜೆಯೇ ಆ ಸಾಕೆಟ್ಟನ್ನು ಒದ್ದೆ ಗೋಡೆಯಿಂದ ತೆಗೆಸಿ, ಆಚೆ ಒಣ ಗೋಡೆಗೆ ಎದೆಯೆತ್ತರಕ್ಕೆ ಹಾಕಿಸಿದರಂತೆ. ಮಾಘದಲ್ಲಿ ಮದುವೆಯಾಯಿತು.

ಈ ಸುದ್ದಿ ಬಸ್ಸುಗಳಲ್ಲಿ ಓಡಾಡಿ ನಮ್ಮೂರಿಗೂ ಬಂತು. ಬಾಗಿಲಲ್ಲಿ ತಡೆದಿದ್ದ ಆ ಹೆಂಗಸೇ ಒಂದು ದಿನ ಬಂದು, "ರಂಗಕ್ಕ, ನಮ್ಮನೇದೂ ನೋಡ್ಬುಡು ಬಾ, ಮನಸ್ನಲ್ಲಿ ಏನೂ ಇಟ್ಕಬ್ಯಾಡ," ಎಂದಳು. ರಂಗಕ್ಕ ಗೂಟದಲ್ಲಿದ್ದ ಬಟ್ಟೆ ತೆಗೆದುಕೊಂಡು ಹೊರಟಳು. ಊರಿನ ಮಹಿಳಾ ಸಂಘದವರು ಗೌರಿಹಬ್ಬದ ಮುಂಚೆ ಮನೆ ತೊಳೆಯುವಾಗ, ನೀರು ಹಾಕುವ ಮೊದಲೇ ಎಲ್ಲ ಪ್ಲಗ್ಗು ಕಿತ್ತು ಒರೆಸಿಕೊಳ್ಳುವುದೆಂದು ಮಾತಾಡಿಕೊಂಡರು. ಈಗ ನಮ್ಮ ಬೀದಿಯಲ್ಲಿ ಅದು ತೋರಣ ಕಟ್ಟಿದಷ್ಟೇ ಸಹಜ.

ಎಷ್ಟೋ ಬದಲಾಗಿದೆ. ನಮ್ಮತ್ತೆ ಇಲ್ಲ, ವೆಂಕಟಯ್ಯನವರೂ ಇಲ್ಲ. ಮನೆಮನೆಗೂ ಫ್ರಿಜ್ಜು ಬಂದು ಯಾರ ಹಿಟ್ಟು ಹಾಲೂ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ. ಹೊಸ ಮನೆಗಳಿಗೆಲ್ಲ ಆರ್‌ಸಿಸಿ ತಾರಸಿ. ಅಟ್ಟದ ಕೆಳಗೆ ಮಲಗಿ ಬೆಳೆಯುವ ಮಕ್ಕಳು ಇನ್ನು ಈ ಊರಿನಲ್ಲಿ ಸಿಗಲಾರರು. ಒಳ್ಳೆಯದೇ ಆಯಿತೆಂದು ಬಾಯಲ್ಲಿ ಹೇಳುತ್ತೇನೆ. ಆದರೂ ಯಾರಾದರೂ ಪಕ್ಕದಲ್ಲಿ ಕೊಬ್ಬರಿ ಸುಲಿಯುತ್ತಿದ್ದರೆ ನನ್ನ ಕಾಲು ತಾನಾಗಿ ಅಲ್ಲಿ ನಿಲ್ಲುತ್ತದೆ.

ರಂಗಕ್ಕನ ಮಂಡಿ ಈಗ ಮಡಚುವುದಿಲ್ಲ. ಹೋದ ಮಳೆಗಾಲದಲ್ಲಿ ಹಾಲಸ್ವಾಮಿಯ ಹೊಸ ಸೊಸೆ ಮಂಜುಶ್ರೀ ಓಡಿಬಂದು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಮುಟ್ಟಿದರೆ ಸುಡುತ್ತಿದೆ, ನೋಡಬೇಕು ಎಂದಳು. ರಂಗಕ್ಕ ಕೋಲೂರಿಕೊಂಡು ಹೋಗಿ, ಆ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. "ನಾನ್ ಬಗ್ಗಲಾರೆ ಕಣಮ್ಮಿ. ನೀನೇ ಮಾಡು, ನಾನು ಹೇಳ್ತೀನಿ. ಮೊದ್ಲು ಸ್ವಿಚ್ಚು ಆರ್ಸು. ಕೈ ಒಣಗೈತಾ?"

ಹುಡುಗಿ ಸೆರಗಿಗೆ ಕೈ ಒರೆಸಿಕೊಂಡು ಪ್ಲಗ್ಗು ಕಿತ್ತಳು. ಒಂದು ಪಿನ್ನಿನ ಬುಡ ಕಂದಿತ್ತು. ಅದನ್ನು ಎಸೆದು ತಿಪಟೂರಿನಿಂದ ಹೊಸದು ತರಿಸಿ ಹಾಕಿಸುವವರೆಗೂ ಇಸ್ತ್ರಿಯನ್ನು ಮುಟ್ಟಕೂಡದೆಂದು ರಂಗಕ್ಕ ಹೇಳಿದಳು. ಮಂಜುಶ್ರೀ ಅಲ್ಲಿಗೇ ಬಿಡಲಿಲ್ಲ. ಟೀವಿಯದು, ಮಿಕ್ಸಿಯದು, ಫೋನಿನ ಚಾರ್ಜರಿನದು ಒಂದೊಂದೇ ತಾನೇ ಕಿತ್ತು ಒರೆಸಿ, ಪ್ರತಿಯೊಂದನ್ನೂ ಬಾಗಿಲಿಗೆ ತಂದು ತೋರಿಸಿದಳು. ರಂಗಕ್ಕ ಕನ್ನಡಕ ಏರಿಸಿ ನೋಡಿ, "ಇದು ಸರಿ ಐತೆ. ಇದೂ ಸರಿ ಐತೆ. ಬಿಗಿಯಾಗಿ ಕೂರ್ಸು," ಎನ್ನುತ್ತ ಹೋದಳು. ಹೊರಗೆ ಮಳೆ ಹಿಡಿದುಕೊಂಡಿತು. ಅದು ನಿಲ್ಲುವವರೆಗೂ ನಾವು ಮೂವರೂ ಅಲ್ಲೇ ಕೂತು ಹುರಿಗಡಲೆ ತಿಂದೆವು.